ಅಡ್ಡಹೆಸರು ಕೇಳಿದ ಮೇಲೆ

ನಮ್ಮ ಕಡೆ ಅಡ್ಡಹೆಸರಿಲ್ಲದ ಮನುಷ್ಯ ಸಿಗುವುದು ಕಷ್ಟ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಹುಣಸೀಮರದ. ಮೈಸೂರು ಕಡೆಯ ಗೆಳತಿಯರಿಗೆ ಈ ಹೆಸರು ಕೇಳಿದರೆ ಖುಷಿಯೋ ಖುಷಿ. "ನಿಜವಾಗ್ಲೂ ಹಿಂಗೆ ಹೆಸರು ಇರುತ್ತಾ?" ಅಂತ ಕೇಳುತ್ತಾರೆ. ಅವರಲ್ಲಿ ಬಹಳ ಜನರ ಹೆಸರಿನ ಜೊತೆ ಒಂದೆರಡು ಅಕ್ಷರ ಇರುತ್ತವೆ. ಒಂದು ಊರಿನದು, ಒಂದು ಅಪ್ಪನದು. ಆ ಅಕ್ಷರ ನೋಡಿ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಬಡಿಗೇರ, ಕಂಬಾರ, ಪತ್ತಾರ, ಕುಂಬಾರ, ಹಡಪದ, ಮಡಿವಾಳ, ಕುಲಕರ್ಣಿ, ಹಿರೇಮಠ, ಮಾದರ, ಚಲವಾದಿ, ಲಮಾಣಿ, ನದಾಫ, ಬಾಗವಾನ. ಓದಿದರೆ ಸಾಕು, ಅಜ್ಜ ಏನು ಕೆಲಸ ಮಾಡುತ್ತಿದ್ದ, ಊರಲ್ಲಿ ಮನೆ ಯಾವ ದಿಕ್ಕಿಗಿತ್ತು, ಬಾವಿಗೆ ಕೊಡ ಇಳಿಸಲು ಬಿಡುತ್ತಿದ್ದರೋ ಇಲ್ಲವೋ, ಎಲ್ಲ ಗೊತ್ತಾಗಿಬಿಡುತ್ತದೆ.

ಅಡ್ಡಹೆಸರಿನಿಂದಲೂ ಗೊತ್ತಾಗದಿದ್ದರೆ ಇನ್ನೊಂದು ಪ್ರಶ್ನೆ ಇದೆ. "ನೀವು ಯಾರ ಪೈಕಿ?" ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಮದುವೆ ಮನೆಯಲ್ಲಿ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಚಹಾ ಕೊಟ್ಟು ಕೇಳುತ್ತಾರೆ. ನಾನು ಜಮಖಂಡಿ ಹತ್ತಿರದ ಹಳ್ಳಿಯವಳು. ನನ್ನ ಅಡ್ಡಹೆಸರು ಹೇಳಿದರೆ ಈ ಎರಡನೇ ಪ್ರಶ್ನೆ ಬರುವುದಿಲ್ಲ. ಹೊಲ ಇದ್ದ ಮನೆತನ ಅಂತ ಜನಕ್ಕೆ ತಿಳಿಯುತ್ತದೆ, ಕುರ್ಚಿ ಸರಿಸಿ ಕೊಡುತ್ತಾರೆ. ಅದೊಂದು ಅನುಕೂಲ ಅಂತ ನಲವತ್ತು ವರ್ಷದತನಕ ನನಗೆ ಹೊಳೆದೇ ಇರಲಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸದ ಒಂದು ಕಾರ್ಖಾನೆಯ ಆಫೀಸು ನೋಡಿಕೊಳ್ಳುತ್ತೇನೆ. ಹದಿನೇಳು ವರ್ಷ ಆಯ್ತು. ಪಗಾರ, ಪಿಎಫ್, ಇಎಸ್‌ಐ, ಹಾಜರಿ ಪುಸ್ತಕ, ಎಲ್ಲ ನನ್ನ ಮೇಜಿನ ಮೇಲೆ. ಕೆಲಸ ಕೇಳಿಕೊಂಡು ಬರುವ ಅರ್ಜಿಗಳೂ ಮೊದಲು ನನ್ನ ಕೈಗೇ ಬರುತ್ತವೆ. ಆರಿಸುವುದು ಮಾಲೀಕರು. ಆದರೆ ನಲವತ್ತು ಅರ್ಜಿಯಲ್ಲಿ ಯಾವ ಹತ್ತು ಅವರ ಕೋಣೆಗೆ ಹೋಗಬೇಕು ಅನ್ನುವುದನ್ನು ತೀರ್ಮಾನ ಮಾಡುವವಳು ನಾನು.

ಕಳೆದ ದೀಪಾವಳಿಗೆ ಅಕ್ಕನ ಮಗ ಬಂದಿದ್ದ. ಎಂಜಿನಿಯರಿಂಗ್ ಮುಗಿದು ಮೂರು ವರ್ಷ. ಎರಡು ಸಲ ಸರ್ಕಾರಿ ನೌಕರಿಯ ಪರೀಕ್ಷೆ ಬರೆದಿದ್ದಾನೆ, ಎರಡು ಸಲವೂ ಸ್ವಲ್ಪದರಲ್ಲೇ ತಪ್ಪಿದೆ. ಊಟಕ್ಕೆ ಕೂತಾಗ ಮಾತು ಅಲ್ಲಿಗೇ ಬಂತು. "ಮೌಶಿ, ಈಗ ಯಾರು ಜಾತಿ ಕೇಳ್ತಾರ ಹೇಳು? ಭೇದಭಾವ ಎಲ್ಲಾ ಹಳೇ ಕಾಲದ್ದು. ಈಗ ಏನಿದ್ರೂ ಅನ್ಯಾಯ ಆಗೋದು ನಮಗೇ" ಅಂದ. ನಾನು ಕಡಬು ಬಡಿಸುತ್ತಿದ್ದೆ, ಉತ್ತರ ಕೊಡಲಿಲ್ಲ. ಕೊಡಬೇಕಿತ್ತು. ಇದನ್ನು ಅವನಿಗಾಗಿಯೇ ಬರೆಯುತ್ತಿದ್ದೇನೆ.

ಜಾತಿ ಯಾರೂ ಕೇಳುವುದಿಲ್ಲ ಅನ್ನುವುದು ನಿಜ. ಇಷ್ಟು ವರ್ಷದಲ್ಲಿ ನಮ್ಮ ಮಾಲೀಕರು ಒಂದು ದಿನವೂ ಕೇಳಿಲ್ಲ. ಅವರು ಕೆಟ್ಟ ಮನುಷ್ಯರೂ ಅಲ್ಲ. ಕೊರೊನಾ ಕಾಲದಲ್ಲಿ ಕಾರ್ಖಾನೆ ಮುಚ್ಚಿದಾಗ ಸಾಲ ಮಾಡಿ ಎರಡು ತಿಂಗಳು ಅರ್ಧ ಪಗಾರ ಕೊಟ್ಟವರು. ಆಳು ಬೇಕಾದಾಗ ಅವರು ಹೇಳುತ್ತಿದ್ದುದು ಒಂದೇ ಮಾತು. "ಗೊತ್ತಿದ್ದವರನ್ನ ನೋಡ್ರಿ ಮೇಡಂ, ನಂಬಿಗಸ್ತ ಇರಬೇಕು." ನಾನು ಗೊತ್ತಿದ್ದವರನ್ನು ನೋಡುತ್ತಿದ್ದೆ. ನನಗೆ ಯಾರು ಗೊತ್ತು? ನನ್ನ ಊರವರು, ನನ್ನ ಸಂಬಂಧಿಕರು, ಸಂಬಂಧಿಕರ ಸಂಬಂಧಿಕರು. ಸೂಪರ್‌ವೈಸರಿಗೆ ಯಾರು ಗೊತ್ತು? ಅವರ ಮಂದಿ. ಸ್ಟೋರಿನಲ್ಲಿ ಜಾಗ ಖಾಲಿಯಾದರೆ ಸ್ಟೋರಿನವನ ತಮ್ಮ ಬರುತ್ತಿದ್ದ. ಅದು ತಪ್ಪು ಅಂತ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಆಮೇಲೆ ಒಂದು ದಿನ ಹೊಸ ಗುರುತಿನ ಚೀಟಿ ಮಾಡಿಸಿದೆವು. ಐದಾರು ವರ್ಷದ ಹಿಂದಿನ ಮಾತು. ಎಪ್ಪತ್ತು ಚಿಲ್ಲರೆ ಕಾರ್ಡು ಪ್ರಿಂಟಾಗಿ ಬಂದವು. ಹಂಚುವುದು ಸುಲಭವಾಗಲಿ ಅಂತ ವಿಭಾಗದ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಫೀಸು, ಸ್ಟೋರ್, ಕ್ವಾಲಿಟಿ ಒಂದು ಸಾಲು. ಮಷಿನ್ ಶಾಪ್ ಒಂದು ಸಾಲು. ಮೋಲ್ಡಿಂಗ್, ಕುಲುಮೆ, ಫೆಟ್ಲಿಂಗ್ ಇನ್ನೊಂದು ಸಾಲು. ಫೆಟ್ಲಿಂಗ್ ಅಂದರೆ ಎರಕದಿಂದ ಬಂದ ಕಬ್ಬಿಣವನ್ನು ಉಜ್ಜಿ ಅಂಚು ತೆಗೆಯುವ ಕೆಲಸ. ಇಡೀ ದಿನ ಕಿಡಿ, ಧೂಳು, ಕಿವಿ ಕಿತ್ತುಹೋಗುವ ಸದ್ದು. ಸಾಲಿನ ಮುಂದೆ ನಿಂತು ಹೆಸರು ಓದಿದೆ. ಮೊದಲ ಸಾಲಿನಲ್ಲಿ ನಾಲ್ಕೈದು ಬಗೆಯ ಅಡ್ಡಹೆಸರು ಮಾತ್ರ ಇದ್ದವು. ಮೂರನೇ ಸಾಲಿನಲ್ಲಿ ಆ ಹೆಸರು ಒಂದೂ ಇರಲಿಲ್ಲ. ಊರಿನ ನಕ್ಷೆಯನ್ನೇ ತಂದು ಮೇಜಿನ ಮೇಲೆ ಹಾಸಿದ ಹಾಗಿತ್ತು. ಅಗಸಿಯ ಒಳಗಿನವರು ಈ ಕಡೆ, ಊರ ಹೊರಗಿನವರು ಆ ಕಡೆ.

ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆ ಮೂರನೇ ಸಾಲಿನಲ್ಲಿ ಐಟಿಐ ಮುಗಿಸಿದವರು ಮೂವರಿದ್ದರು. ಮೊದಲ ಸಾಲಿನ ಸ್ಟೋರಿನವನು ಎಸ್ಸೆಸ್ಸೆಲ್ಸಿ ಫೇಲು. ಆ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಜನರ ಅರ್ಜಿ ನನ್ನ ಕೈ ದಾಟಿಯೇ ಒಳಗೆ ಹೋಗಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರ ಹಳೆಯ ಅರ್ಜಿಗಳ ಫೈಲು ತೆಗೆದೆ. ಕರೆಯದೇ ಬಿಟ್ಟವುಗಳ ಫೈಲು. ಅದರಲ್ಲಿ ಗೋಕಾಕ ಕಡೆಯ ಒಬ್ಬ ಹುಡುಗನ ಅರ್ಜಿ ಇತ್ತು. ಫಿಟ್ಟರ್ ಟ್ರೇಡಿನಲ್ಲಿ ಒಳ್ಳೆಯ ಅಂಕ. ಅದೇ ತಿಂಗಳು ನಾನು ಒಳಗೆ ಕಳಿಸಿದ ಇನ್ನೊಬ್ಬನ ಅಂಕ ಅದಕ್ಕಿಂತ ಬಹಳ ಕಡಿಮೆ. ಯಾಕೆ ಹಾಗೆ ಮಾಡಿದೆ ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಬಿಡಬೇಕು ಅಂತ ಬಿಟ್ಟಿರಲಿಲ್ಲ. ಹೆಸರು ಓದಿದೆ, ಕೈ ತಾನಾಗಿಯೇ ಆ ಕಡೆ ಇಟ್ಟಿತು, ಅಷ್ಟೇ. ಆ ಹುಡುಗನಿಗೆ ಏನು ಗೊತ್ತು? ಅರ್ಜಿ ಹಾಕಿದೆ, ಕರೆ ಬರಲಿಲ್ಲ. ಬೇರೆ ಯಾರಿಗೋ ಸಿಕ್ಕಿರಬೇಕು ಅಂದುಕೊಂಡಿರುತ್ತಾನೆ.

ಇದನ್ನು ನಮ್ಮ ದೇಶದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅರ್ಥಶಾಸ್ತ್ರಜ್ಞ ಸುಖದೇವ ಥೋರಟ್ ಮತ್ತು ಅಮೆರಿಕದ ಪಾಲ್ ಅಟ್‌ವೆಲ್ ಸೇರಿ 2005ರಿಂದ 66 ವಾರ ಒಂದು ಕೆಲಸ ಮಾಡಿದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಖಾಸಗಿ ಕಂಪನಿಗಳು ಕೊಟ್ಟ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು ಒಂದೇ, ಅನುಭವ ಒಂದೇ. ಬೇರೆ ಇದ್ದದ್ದು ಅಡ್ಡಹೆಸರು. ಕೆಲವಕ್ಕೆ ಮೇಲ್ಜಾತಿಯ ಹೆಸರು, ಕೆಲವಕ್ಕೆ ದಲಿತರ ಹೆಸರು, ಕೆಲವಕ್ಕೆ ಮುಸ್ಲಿಂ ಹೆಸರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತರ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಇತ್ತು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. 2007ರಲ್ಲಿ ಇದು ಪ್ರಕಟವಾಯಿತು. ಅಮೆರಿಕದಲ್ಲೂ 2004ರಲ್ಲಿ ಬಿಳಿಯರ ಹೆಸರು, ಕಪ್ಪು ಜನರ ಹೆಸರು ಇಟ್ಟು ಇಂಥದ್ದೇ ಅಧ್ಯಯನ ಪ್ರಕಟವಾಗಿತ್ತು, ಕಂಡದ್ದೂ ಇಂಥದ್ದೇ.

ಆ 548 ಕಡೆ ಅರ್ಜಿ ತೆರೆದವರು ನನ್ನಂಥವರೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಅವರಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರೆ "ಛೆ, ನಾನು ಜಾತಿ ನೋಡಲ್ಲ" ಅಂತ ಎದೆ ಮುಟ್ಟಿ ಹೇಳುತ್ತಿದ್ದರು. ಸುಳ್ಳು ಹೇಳುತ್ತಿದ್ದಾರೆ ಅಂತಲೂ ನಾನು ಹೇಳಲಾರೆ. ಒಂದು ಅರ್ಜಿ ನೋಡಿದರೆ ಭೇದ ಕಾಣುವುದಿಲ್ಲ. ಸಾವಿರ ಅರ್ಜಿ ಒಟ್ಟು ಹಾಕಿದಾಗ ಕಾಣುತ್ತದೆ. ನನಗೂ ಕಾರ್ಡುಗಳನ್ನು ಸಾಲಾಗಿ ಇಟ್ಟಾಗಲೇ ಕಂಡದ್ದು.

ಅದೇ 2007ರಲ್ಲಿ ಸಮಾಜಶಾಸ್ತ್ರಜ್ಞರಾದ ಕ್ಯಾಥರೀನ್ ನ್ಯೂಮನ್ ಮತ್ತು ಸುರಿಂದರ್ ಜೋಧ್ಕಾ ದೆಹಲಿ ಸುತ್ತಮುತ್ತ ಕೆಲಸಕ್ಕೆ ಆರಿಸುವ ಅಧಿಕಾರಿಗಳನ್ನು ಮಾತಾಡಿಸಿ ಇನ್ನೊಂದು ಬರಹ ಪ್ರಕಟಿಸಿದರು. ಪ್ರತಿಭೆ ಮಾತ್ರ ನೋಡುತ್ತೇವೆ ಅನ್ನುವ ಅವರೆಲ್ಲ ಸಂದರ್ಶನದಲ್ಲಿ ಮನೆತನದ ಬಗ್ಗೆ ಕೇಳುತ್ತಿದ್ದರಂತೆ. ಓದಿ ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮಲ್ಲೂ ಮೊದಲ ಪ್ರಶ್ನೆ ಅದೇ ಅಲ್ವಾ? "ಅಪ್ಪ ಏನ್ ಮಾಡ್ತಾರ? ಹೊಲ ಎಷ್ಟೈತಿ? ಊರಾಗ ಯಾವ ಓಣಿ?" ಲೇಥ್ ಮಷಿನ್ ನಡೆಸಲು ಹೊಲ ಯಾಕೆ ಬೇಕು? ಓಣಿ ಯಾಕೆ ಬೇಕು? ಓಣಿಯ ಹೆಸರು ಹೇಳುವಾಗ ಎಷ್ಟೋ ಹುಡುಗರ ದನಿ ಇಳಿದುಹೋಗುವುದನ್ನು ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಾನು ಮೇಜಿನ ಆ ಕಡೆ ಕೂತವಳು. 2004ರಲ್ಲಿ ವಿಜಯಪುರದ ಒಂದು ಸಂಸ್ಥೆಗೆ ಸಂದರ್ಶನಕ್ಕೆ ಹೋಗಿದ್ದೆ. ಮದುವೆಯಾಗಿ ಆರು ತಿಂಗಳಾಗಿತ್ತು. ಲೆಕ್ಕಪತ್ರದ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಉಳಿದ ಹೊತ್ತೆಲ್ಲ ಗಂಡ ಏನು ಮಾಡುತ್ತಾರೆ, ಅತ್ತೆ ಒಪ್ಪುತ್ತಾರಾ, ಮಕ್ಕಳು ಯಾವಾಗ ಅನ್ನುವುದರಲ್ಲೇ ಕಳೆಯಿತು. ಕೊನೆಗೆ ಒಬ್ಬ ಹಿರಿಯರು, "ಎರಡು ವರ್ಷ ಮಕ್ಕಳು ಬ್ಯಾಡ ಅಂತ ಮಾತು ಕೊಟ್ರ ನಾಳೆನೇ ಬರ್ರಿ" ಅಂದರು. ನಾನು ಮಾತು ಕೊಟ್ಟೆ. ಕೆಲಸ ಬೇಕಿತ್ತು. ಮನೆಗೆ ಬಂದು ಗಂಡನಿಗೂ ಹೇಳಲಿಲ್ಲ. ಹೇಳಲು ನಾಚಿಕೆಯಾಗಿತ್ತು. ನಾಚಿಕೆ ಪಡಬೇಕಾದವಳು ನಾನಲ್ಲ ಅಂತ ತಿಳಿಯಲು ಬಹಳ ವರ್ಷ ಹಿಡಿಯಿತು.

ಆಮೇಲೆ ಒಂದು ತೀರ್ಪಿನ ಬಗ್ಗೆ ಓದಿದೆ. ನೀರಾ ಮಾಥುರ್ ಅನ್ನುವವರು ಜೀವವಿಮಾ ನಿಗಮದಲ್ಲಿ ಕೆಲಸಕ್ಕೆ ಸೇರಿದ್ದರು. ಸೇರುವಾಗ ಕೊಟ್ಟ ಫಾರಂನಲ್ಲಿ ಹೆಂಗಸರು ಮುಟ್ಟಿನ ವಿವರ ಬರೆಯಬೇಕಿತ್ತು. ಕೊನೆಯ ಮುಟ್ಟು ಯಾವಾಗ ಆಯಿತು, ಈಗ ಗರ್ಭಿಣಿಯಾ, ಎಲ್ಲ. ಅವರು ಹೆರಿಗೆ ರಜೆ ಹಾಕಿದ ಮೇಲೆ, ಫಾರಂನಲ್ಲಿ ಸರಿಯಾದ ವಿವರ ಕೊಟ್ಟಿಲ್ಲ ಅಂತ ಕೆಲಸದಿಂದ ತೆಗೆದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ತೆಗೆದುಕೊಳ್ಳಲು ಹೇಳಿತು, ಆ ಪ್ರಶ್ನೆಗಳನ್ನು ಫಾರಂನಿಂದ ತೆಗೆದುಹಾಕಲೂ ಹೇಳಿತು. ಅದಕ್ಕೂ ಮೊದಲು 1979ರಲ್ಲಿ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ಕೋರ್ಟಿಗೆ ಹೋಗಿದ್ದರು. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯಲ್ಲಿದ್ದ ಹೆಂಗಸರು ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕು ಅನ್ನುವ ನಿಯಮ ಇತ್ತು. ಫಾರಂ ಹೋಯಿತು, ನಿಯಮ ಹೋಯಿತು. ವಿಜಯಪುರದಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಮಾತ್ರ ಬಾಯಿಯಲ್ಲಿ ಉಳಿದುಕೊಂಡಿತ್ತು. ಬಾಯಿಯಲ್ಲಿ ಇರುವುದನ್ನು ಯಾವ ಕೋರ್ಟಿಗೆ ಒಯ್ಯುವುದು?

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಸಣ್ಣ ಕಾರ್ಖಾನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಹೆರಿಗೆ ರಜೆ 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯ ಕೆಲಸ. ಆದರೆ ಉದ್ಯಮಬಾಗದ ಚಹಾದಂಗಡಿಯಲ್ಲಿ ಬಹಳ ಮಂದಿ ಮಾಲೀಕರು ಹೇಳಿದ್ದನ್ನು ಕೇಳಿದ್ದೇನೆ. "ಆರು ತಿಂಗಳ ಕುಂತಲ್ಲೇ ಪಗಾರ ಯಾರ್ ಕೊಡ್ತಾರ್ರೀ? ಹೆಣ್ಣುಮಕ್ಕಳನ್ನ ತಗೊಳ್ಳೋದೇ ಬ್ಯಾಡ." ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇದ್ದ ಕಡೆ ಆ ದುಡ್ಡು ಮಾಲೀಕರ ಕಿಸೆಯಿಂದ ಹೋಗುವುದೇ ಇಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಇಎಸ್‌ಐ ಒಳಗೆ ಬರುತ್ತಾರೆ. ಅವರ ಹೆರಿಗೆ ರಜೆಯ ಹಣ ಕೊಡುವುದು ಇಎಸ್‌ಐ ನಿಗಮ. ನಾನು ಇದನ್ನು ನಮ್ಮ ಮಾಲೀಕರಿಗೆ ಕಾಗದ ಇಟ್ಟು ತೋರಿಸಿದೆ. ಅವರು ಎರಡು ಸಲ ಓದಿದರು. "ಇಷ್ಟು ವರ್ಷ ಹೇಳಲಿಲ್ಲಲ್ಲ ಮೇಡಂ" ಅಂದರು. ಅದಾದ ಮೇಲೆ ಕೋರ್ ಶಾಪಿಗೆ, ಅಂದರೆ ಎರಕದ ಅಚ್ಚಿನೊಳಗೆ ಇಡುವ ಮರಳಿನ ತಿರುಳು ಮಾಡುವ ವಿಭಾಗಕ್ಕೆ, ಮೊದಲ ಸಲ ನಾಲ್ವರು ಹೆಣ್ಣುಮಕ್ಕಳು ಬಂದರು. ಎಷ್ಟು ಜನರ ಅರ್ಜಿ ಒಂದು ತಪ್ಪು ತಿಳಿವಳಿಕೆಯಿಂದ ಹಿಂದೆ ಹೋಗಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. 2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ ಒಂದು ದಿನ ವೇತನದ ಜೊತೆ ಮುಟ್ಟಿನ ರಜೆ ಅಂತ ತಂದಾಗಲೂ ಅದೇ ಚಹಾದಂಗಡಿಯಲ್ಲಿ ಅದೇ ಮಾತು ಮತ್ತೆ ಎದ್ದಿತು. ಆ ರಜೆ ಬೇಕು ಅನ್ನುವವಳು ನಾನು. ಆದರೆ ಅದನ್ನು ನೆಪ ಮಾಡಿಕೊಂಡು ಬಾಗಿಲು ಹಾಕುವವರ ಮೇಲೆ ಕಣ್ಣಿಡುವವರೂ ಬೇಕು.

ಹೊಲದಲ್ಲಂತೂ ಮುಚ್ಚುಮರೆಯೂ ಇಲ್ಲ. ನಮ್ಮೂರಲ್ಲಿ ಇವತ್ತಿಗೂ ಗಂಡಾಳಿನ ಕೂಲಿ ಬೇರೆ, ಹೆಣ್ಣಾಳಿನ ಕೂಲಿ ಬೇರೆ. ಕಬ್ಬಿನ ಕಸ ತೆಗೆಯುವವರು ಹೆಂಗಸರು, ಅರಿಶಿನ ಕೀಳುವವರು ಹೆಂಗಸರು. ಬೆಳಿಗ್ಗೆ ಅವರೇ ಮೊದಲು ಬಗ್ಗುತ್ತಾರೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ನರೇಗಾ ಕೆಲಸಕ್ಕೆ ಹೋದಾಗ ಗಂಡಸಿನಷ್ಟೇ ಕೂಲಿ ಬ್ಯಾಂಕಿಗೆ ಬಂತು ಅಂತ ನಮ್ಮ ಹೊಲದ ಒಬ್ಬ ಆಯಿ ಪಾಸ್‌ಬುಕ್ ತಂದು ನನಗೆ ತೋರಿಸಿದ್ದಳು. ಅಂಕಿ ಓದಿಸಿ ಮತ್ತೊಮ್ಮೆ ಓದಿಸಿದಳು. ನಮ್ಮ ಹೊಲದಲ್ಲಿ ಅವಳಿಗೆ ಆಗ ಎಷ್ಟು ಕೊಡುತ್ತಿದ್ದೆವು ಅಂತ ಇಲ್ಲಿ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಈಗ ಕೆಲಸ ಸಿಕ್ಕ ಮೇಲಿನ ಮಾತು. ನನಗೆ ಜಾಸ್ತಿ ಕಾಡುವುದು ಇದೇ.

ಇಂಡಿ ತಾಲೂಕಿನಿಂದ ಒಬ್ಬ ಹುಡುಗ ಬಂದಿದ್ದ. ಮುಸ್ಲಿಂ ಹುಡುಗ. ಸಿಎನ್‌ಸಿ ಮಷಿನ್ ಚೆನ್ನಾಗಿ ಗೊತ್ತಿತ್ತು, ಕೈ ಶುದ್ಧ, ಮಾತು ಕಡಿಮೆ. ಅವನನ್ನು ತೆಗೆದುಕೊಂಡೆವು. ಆದೇಶದ ಕಾಗದ ಕೊಟ್ಟ ದಿನ ಅವನು ನಮ್ಮೆಲ್ಲರಿಗೂ ಪೇಡೆ ಹಂಚಿದ. ಕಾರ್ಖಾನೆಯ ಹತ್ತಿರ ರೂಮು ಹುಡುಕಲು ಶುರು ಮಾಡಿದ. "ರೂಮ್ ಖಾಲಿ ಇದೆ" ಅಂತ ಬೋರ್ಡು ಇರುತ್ತಿತ್ತು. ಕೇಳಿದರೆ ಬಾಡಿಗೆ ಹೇಳುತ್ತಿದ್ದರು, ನೀರಿನ ವ್ಯವಸ್ಥೆ ಹೇಳುತ್ತಿದ್ದರು. ಆಮೇಲೆ ಹೆಸರು ಕೇಳುತ್ತಿದ್ದರು. ಹೆಸರು ಹೇಳಿದ ಕೂಡಲೇ ಊರಿಂದ ಅಳಿಯ ಬರುವವನಿರುತ್ತಿದ್ದ, ಸುಣ್ಣ ಹಚ್ಚಿಸುವುದಿರುತ್ತಿತ್ತು, ಮಗಳ ಓದಿಗೆ ಕೋಣೆ ಬೇಕಾಗಿರುತ್ತಿತ್ತು. ಕೊನೆಗೆ ದೂರದ ಸಂಬಂಧಿಕರ ಮನೆಯಲ್ಲಿ ಉಳಿದ. ಎರಡು ಬಸ್ಸು ಬದಲಿಸಬೇಕು. ರಾತ್ರಿ ಪಾಳಿ ಮುಗಿದಾಗ ಬಸ್ಸೇ ಇಲ್ಲ. ಗೇಟಿನ ಹತ್ತಿರದ ಕಟ್ಟೆಯ ಮೇಲೆ ಬೆಳಕು ಹರಿಯುವವರೆಗೆ ಕೂತಿರುತ್ತಿದ್ದನಂತೆ. ನನಗೆ ಗೊತ್ತಾದದ್ದು ಆಮೇಲೆ. ತಡವಾಗಿ ಬಂದದ್ದಕ್ಕೆ ಎರಡು ಸಲ ಅರ್ಧ ದಿನದ ಪಗಾರ ಕಡಿತ ಮಾಡಿದವಳು ನಾನೇ.

ಮೂರನೇ ತಿಂಗಳು ಬಿಟ್ಟು ಹೋದ. ರಿಜಿಸ್ಟರಿನಲ್ಲಿ ಕೆಲಸ ಬಿಟ್ಟ ಕಾರಣ ಬರೆಯುವ ಒಂದು ಕಾಲಂ ಇದೆ. ಅಲ್ಲಿ ನಾನು "ವೈಯಕ್ತಿಕ ಕಾರಣ" ಅಂತ ಬರೆದೆ. ಆ ಕಾಲಂನಲ್ಲಿ ಇಷ್ಟು ವರ್ಷ ಎಷ್ಟು ಸಲ ಆ ಎರಡು ಶಬ್ದ ಬರೆದಿದ್ದೇನೋ. ಯಾರು ಬಂದು ಲೆಕ್ಕ ನೋಡಿದರೂ ನಮ್ಮಲ್ಲಿ ಭೇದ ಇಲ್ಲ. ಹುಡುಗನನ್ನು ತೆಗೆದುಕೊಂಡಿದ್ದೆವು, ಅವನೇ ಬಿಟ್ಟು ಹೋದ.

ಅಂಬೇಡ್ಕರ್ ಅವರಿಗೆ 1917ರಲ್ಲಿ ಬರೋಡಾದಲ್ಲಿ ಆದದ್ದೂ ಇದೇ ಅಲ್ವಾ? ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದು ಸಂಸ್ಥಾನದ ನೌಕರಿಗೆ ಸೇರಿದ್ದರು. ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಗೊತ್ತಾದ ಮೇಲೆ ಕೋಲು ಹಿಡಿದು ಬಂದು ಹೊರಹಾಕಿದರು. ಆಫೀಸಿನಲ್ಲಿ ಜವಾನರು ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. ಅವರು ನೌಕರಿ ಬಿಟ್ಟು ಮುಂಬೈಗೆ ಹೋದರು. ಬರೋಡಾದ ಹಾಜರಿ ಪುಸ್ತಕದಲ್ಲಿ ಏನು ಬರೆದರೋ. ಎಂಟು ವರ್ಷ ಬಿಟ್ಟು, 1925ರಲ್ಲಿ, ನಮ್ಮ ಜಿಲ್ಲೆಯ ನಿಪ್ಪಾಣಿಗೇ ಅವರು ಸಭೆಗೆ ಬಂದಿದ್ದರು. ಅದಕ್ಕೆ ನೂರು ವರ್ಷ ತುಂಬಿದಾಗ ನಮ್ಮ ಕಡೆ ದೊಡ್ಡ ಕಾರ್ಯಕ್ರಮ ಆಯಿತು. ನಮ್ಮಲ್ಲಿಂದಲೂ ಎಷ್ಟೋ ಜನ ಹೋಗಿ ಬಂದರು.

ಇನ್ನೊಬ್ಬ ಹುಡುಗಿ ಇದ್ದಳು, ಲೆಕ್ಕಪತ್ರ ಕಲಿಯಲು ಬಂದವಳು. ಮಧ್ಯಾಹ್ನ ನಾವು ಆಫೀಸಿನ ಹೆಂಗಸರು ಬುತ್ತಿ ಬಿಚ್ಚಿ ಒಟ್ಟಿಗೆ ಉಣ್ಣುತ್ತೇವೆ. ರೊಟ್ಟಿ, ಶೇಂಗಾ ಚಟ್ನಿ, ಝುಣಕ, ಒಬ್ಬರದು ಒಬ್ಬರಿಗೆ. ಅವಳು ದಿನಾಲೂ "ನಂದು ಊಟ ಆಯ್ತ್ರೀ" ಅಂತ ಹೊರಗೆ ಹೋಗುತ್ತಿದ್ದಳು. ಸ್ಟೋರಿನ ಹಿಂದೆ ಕೂತು ಒಬ್ಬಳೇ ಉಣ್ಣುತ್ತಿದ್ದಳು. ನಾಚಿಕೆ ಸ್ವಭಾವ ಅಂದುಕೊಂಡೆವು. ಒಂದು ವರ್ಷ ಆದ ಮೇಲೆ ನನಗೊಬ್ಬಳಿಗೇ ಹೇಳಿದಳು. ಮೊದಲು ಕೆಲಸ ಮಾಡುತ್ತಿದ್ದ ಕಡೆ ಅವಳು ತಂದ ಬದನೆಕಾಯಿ ಪಲ್ಯವನ್ನು ಒಬ್ಬರು ಚೆನ್ನಾಗಿ ಮಾತಾಡುತ್ತಲೇ ಹಾಕಿಸಿಕೊಂಡರಂತೆ. ಕೈ ತೊಳೆಯಲು ಹೋದಾಗ ಆ ಪಲ್ಯ ಮೋರಿಯಲ್ಲಿ ಬಿದ್ದಿತ್ತು. "ಬೈದಿದ್ರ ಸುಮ್ನಾಗ್ತಿದ್ನಿ ಅಕ್ಕಾ" ಅಂದಳು. "ಅವ್ವ ಬೆಳಗ್ಗೆ ನಾಕಕ್ಕ ಎದ್ದು ಮಾಡಿದ್ಲು." ಆ ಮೇಲೆ ನಾನು ಏನು ಹೇಳಿದೆ ಅಂತ ನೆನಪಿಲ್ಲ. ಅವಳ ಡಬ್ಬಿಯಿಂದ ಉಂಡೆ ಅಂತ ಮಾತ್ರ ನೆನಪಿದೆ.

ಕಾನೂನು ಇಲ್ಲ ಅಂತಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಕೊಡುತ್ತದೆ. ಖಾಸಗಿಯವರಿಗೂ ಅನ್ವಯಿಸುವ ಕಾಯ್ದೆಗಳಿವೆ. ಅಂಗವಿಕಲರಿಗೆ 2016ರದು, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರದು. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರನ್ನು ಉದ್ಯೋಗದಿಂದ ತಡೆಯುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲೇ ಅಪರಾಧ. ಆದರೆ ಕರೆ ಬಾರದ ಅರ್ಜಿಗೆ ಸಾಕ್ಷಿ ಯಾರು? ಗೋಕಾಕದ ಆ ಹುಡುಗ ದೂರು ಕೊಡಬೇಕು ಅಂದರೂ ಏನಂತ ಬರೆಯುತ್ತಾನೆ?

ಅಕ್ಕನ ಮಗನಿಗೆ ಇನ್ನೊಂದು ಮಾತು ಹೇಳಬೇಕು. ನಿನ್ನ ನೋವು ಸುಳ್ಳು ಅಂತ ನಾನು ಹೇಳುವುದಿಲ್ಲ ಮಗಾ. ಹುದ್ದೆ ನೂರು, ಬರೆಯುವವರು ಲಕ್ಷ. ಸ್ವಲ್ಪದರಲ್ಲಿ ತಪ್ಪಿದಾಗ ಪಟ್ಟಿಯಲ್ಲಿ ಬೇರೆಯವರ ಹೆಸರು ಕಣ್ಣಿಗೆ ಬೀಳುತ್ತದೆ. ಸರ್ಕಾರಿ ಪಟ್ಟಿಯಲ್ಲಿ ಎಲ್ಲ ಬಗೆಯ ಅಡ್ಡಹೆಸರೂ ಇರುತ್ತವೆ, ಯಾರಿಗೆ ಯಾವ ಪಾಲಿನಲ್ಲಿ ಸಿಕ್ಕಿತು ಅಂತಲೂ ಬರೆದಿರುತ್ತಾರೆ. ಎಲ್ಲರೂ ನೋಡಬಹುದು, ಎಣಿಸಬಹುದು, ಸಿಟ್ಟಾಗಬಹುದು. ನಿನ್ನ ಮೌಶಿಯ ಪಟ್ಟಿಯನ್ನು ಯಾರೂ ನೋಡಿಲ್ಲ. ಅದರಲ್ಲಿ ನಿನ್ನಂಥ ಅಡ್ಡಹೆಸರಿನವರಿಗೆ ಎಷ್ಟು ವರ್ಷ ಪಾಲು ಇತ್ತು ಅಂತ ಯಾರೂ ಬರೆದಿಟ್ಟಿಲ್ಲ. ನೀನು ಬೆಂಗಳೂರಿಗೆ ಸಂದರ್ಶನಕ್ಕೆ ಹೋದಾಗ ಏನಾಯ್ತು ಅಂತ ನನಗೆ ಫೋನಿನಲ್ಲಿ ಹೇಳಿದ್ದೆ. ನಿನ್ನ ಕನ್ನಡ ಕೇಳಿ ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು, "ಹುಬ್ಬಳ್ಳಿ ಕಡೆಯವರಾ?" ಅಂತ ಕೇಳಿ ಆಮೇಲೆ ಒಂದು ಪ್ರಶ್ನೆಯನ್ನೂ ಗಂಭೀರವಾಗಿ ಕೇಳಲಿಲ್ಲ ಅಂದಿದ್ದೆ. ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ ನೀನು. ಆ ಎರಡು ದಿನವನ್ನು ಮರೆಯಬೇಡ. ಕೆಲವರಿಗೆ ಅದು ದಿನಾ ಆಗುತ್ತದೆ, ತಮ್ಮ ಊರಲ್ಲೇ, ತಮ್ಮ ಮಾತು ಆಡುವವರ ನಡುವೆಯೇ ಆಗುತ್ತದೆ.

ಕಾರ್ಡಿನ ಸಾಲು ನೋಡಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಅರ್ಜಿಯ ಮೇಲಿನ ಅಡ್ಡಹೆಸರಿಗೆ ಬಿಳಿ ಕಾಗದ ಅಂಟಿಸಿದ್ದು. ಬಹಳ ಉಪಯೋಗ ಆಗಲಿಲ್ಲ. ಕೆಳಗೆ ಅಪ್ಪನ ಹೆಸರು ಇರುತ್ತದೆ. ವಿಳಾಸದಲ್ಲಿ ಓಣಿ ಇರುತ್ತದೆ, ತಾಂಡಾ ಇರುತ್ತದೆ, ಜನತಾ ಪ್ಲಾಟ್ ಇರುತ್ತದೆ. ಅಂಕಪಟ್ಟಿಯಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಅಂಬೇಡ್ಕರ್ ವಸತಿ ಶಾಲೆ ಅಂತ ಇರುತ್ತದೆ. ಓದಿದ ಕೂಡಲೇ ಮನಸ್ಸು ಲೆಕ್ಕ ಹಾಕಲು ಶುರು ಮಾಡುತ್ತದೆ. ಹೆಸರು ಮುಚ್ಚಿದರೂ ಮನುಷ್ಯ ಮುಚ್ಚಿಹೋಗುವುದಿಲ್ಲ. ಹೋಗಲೂಬಾರದು. ಒಳ್ಳೆಯ ಶಾಲೆಗಳವು, ಅಲ್ಲಿ ಓದಿದೆ ಅಂತ ಹೇಳಿಕೊಳ್ಳಲು ಅವರಿಗೆ ಹೆಮ್ಮೆ ಇರಬೇಕು.

ಎರಡು ವರ್ಷದಿಂದ ಬೇರೆ ಥರ ಮಾಡುತ್ತಿದ್ದೇವೆ. ಅರ್ಜಿ ಹಾಕಿದ ಎಲ್ಲರನ್ನೂ ಒಂದು ದಿನ ಕರೆಯುತ್ತೇವೆ. ಒಂದು ಡ್ರಾಯಿಂಗ್, ಒಂದು ಎರಕದ ತುಂಡು, ಒಂದು ವರ್ನಿಯರ್, ಒಂದು ಮೈಕ್ರೋಮೀಟರ್ ಕೊಡುತ್ತೇವೆ. ಅಳತೆ ಬರೆದು ಕೊಡಬೇಕು. ಹಾಳೆಯ ಮೇಲೆ ನಂಬರು ಮಾತ್ರ. ಮಾಲೀಕರು ಹಾಳೆ ನೋಡಿ ಗುರುತು ಹಾಕಿದ ಮೇಲೆ ನಾನು ನಂಬರಿನ ಮುಂದೆ ಹೆಸರು ಬರೆಯುತ್ತೇನೆ. ಮೊದಲ ಸಲ ಹೆಸರು ಬರೆದಾಗ ಅವರು ಕನ್ನಡಕ ತೆಗೆದು ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ "ಇರ್ಲಿ, ಬರೋಬ್ಬರಿ ಐತಿ" ಅಂದು ಸಹಿ ಹಾಕಿದರು. "ಓಣಿ ಯಾವುದು" ಅನ್ನುವ ಪ್ರಶ್ನೆಯನ್ನು ಈಗ ಅವರು ಕೇಳುವುದಿಲ್ಲ. ಸೂಪರ್‌ವೈಸರು ಕೇಳುತ್ತಾರೆ, ಹೊರಗೆ, ಚಹಾ ಕುಡಿಯುವಾಗ.

ಈ ಸಲದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಸರಿಯಾಗಿ ಅಳತೆ ಬರೆದವನು ಬಾಗಲಕೋಟೆ ಕಡೆಯ ಹುಡುಗ. ಇಪ್ಪತ್ತೆರಡು ವರ್ಷ. ಅವನನ್ನು ಕ್ವಾಲಿಟಿಗೆ ತೆಗೆದುಕೊಂಡೆವು. ಅವನ ಅಡ್ಡಹೆಸರಿನವರು ನಮ್ಮಲ್ಲಿ ಇದುವರೆಗೆ ಆ ಮೂರನೇ ಸಾಲಿನಲ್ಲಿ ಮಾತ್ರ ಇದ್ದರು. ಆದೇಶದ ಕಾಗದ ಕೊಡುವಾಗ ನಾನು ಕೇಳಿದೆ, "ರೂಮು ಸಿಕ್ಕಿತಾ?" ಅವನು "ನೋಡ್ತೀನ್ರೀ ಮೇಡಂ" ಅಂದ. ಆ ದನಿ ನನಗೆ ಗೊತ್ತಿತ್ತು.

ಹೋದ ಭಾನುವಾರ ನಾನೇ ಸ್ಕೂಟರ್ ತೆಗೆದುಕೊಂಡು ಅವನ ಜೊತೆ ಹೋದೆ. ಮೂರು ಮನೆ ನೋಡಿದೆವು. ಎರಡು ಕಡೆ ಬ್ರಹ್ಮಚಾರಿಗಳಿಗೆ ಕೊಡುವುದಿಲ್ಲ ಅಂದರು, ಅದು ಇರಲಿ. ಮೂರನೇ ಮನೆ ಚೆನ್ನಾಗಿತ್ತು. ಮೇಲಿನ ಕೋಣೆ, ಗಾಳಿ ಬೆಳಕು, ಕಾರ್ಖಾನೆಗೆ ನಡೆದು ಹೋಗುವಷ್ಟು ದೂರ. ಮನೆಯ ಆಯಿ ನಮಗೆ ನೀರು ಕೊಟ್ಟರು, ಬಾಡಿಗೆ ಹೇಳಿದರು. ನನ್ನ ಅಡ್ಡಹೆಸರು ಕೇಳಿ "ಹೌದ? ನಮ್ಮ ಬೀಗರ ಕಡೆಯವ್ರು ನೀವು" ಅಂತ ಕೈ ಹಿಡಿದುಕೊಂಡರು. ಆಮೇಲೆ ಅವನ ಕಡೆ ತಿರುಗಿ, "ನಿಂದೇನಪ್ಪಾ ಅಡ್ಡೆಸರು?" ಅಂದರು.

ಅವನು ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಪೂರ್ತಿ ಹೆಸರು ಹೇಳಿದ, ದನಿ ಇಳಿಸದೆ.

ಆಯಿ ನನ್ನ ಕೈ ಬಿಟ್ಟರು. ಮಗನನ್ನು ಕೇಳಿ ಹೇಳುತ್ತೇನೆ, ನಂಬರ್ ಕೊಟ್ಟು ಹೋಗಿ ಅಂದರು. ನಂಬರ್ ಕೊಟ್ಟು ಬಂದೆವು. ಇವತ್ತು ಗುರುವಾರ, ಫೋನ್ ಬಂದಿಲ್ಲ. ಈ ಭಾನುವಾರ ಮಚ್ಛೆ ಕಡೆ ನೋಡಿಕೊಂಡು ಬರೋಣ ಅಂತ ಅವನಿಗೆ ಹೇಳಿದ್ದೇನೆ.